ಹಾಲೆಯ ಹಾಲು, ಕಾಸರಕದ ಮೌನ

ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ಕಾಪು ಆಸುಪಾಸಿನ ಹಳ್ಳಿಗಳಲ್ಲಿ ಹಿಂದೆ ಒಂದು ಸಣ್ಣ ಕೆಲಸ ನಡೆಯುತ್ತಿತ್ತು. ಮನೆಯ ಹಿರಿಯರೊಬ್ಬರು ಮಳೆ ಬಿಟ್ಟ ಹೊತ್ತು ನೋಡಿ ಗುಡ್ಡೆಗೆ ಹೋಗಿ, ಒಂದು ಮರವನ್ನು ಗೊತ್ತು ಮಾಡಿ, ಅದಕ್ಕೆ ನೂಲನ್ನೋ ಬಳ್ಳಿಯನ್ನೋ ಕಟ್ಟಿ ಬರುತ್ತಿದ್ದರು. ಮರುದಿನ ಸೂರ್ಯ ಹುಟ್ಟುವ ಮೊದಲೇ ಯಾರೊಡನೆಯೂ ಮಾತನಾಡದೆ ಅದೇ ಮರದ ಬಳಿಗೆ ಹೋಗುವುದು, ಕಬ್ಬಿಣ ಮುಟ್ಟಿಸದೆ ಚೂಪಾದ ಕಲ್ಲಿನಿಂದಲೇ ತೊಗಟೆ ಜಜ್ಜಿ ತೆಗೆಯುವುದು ಕ್ರಮ. ಕಲ್ಲಿನ ಪೆಟ್ಟು ಬಿದ್ದಲ್ಲಿ ಬೆಳ್ಳಗೆ ಹಾಲು ಒಸರುತ್ತದೆ. ಅದು ಪಾಲೆ ಮರ. ಕನ್ನಡದಲ್ಲಿ ಹಾಲೆ ಅಥವಾ ಮದ್ದಾಲೆ, ಸಂಸ್ಕೃತದಲ್ಲಿ ಸಪ್ತಪರ್ಣಿ.

ತಂದ ತೊಗಟೆಯನ್ನು ಮನೆಯಲ್ಲಿ ಜಜ್ಜಿ ರಸ ಹಿಂಡುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸುತ್ತಾರೆ. ಬಿಳಿಯ ಬೆಣಚುಕಲ್ಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಚುಂಯ್ ಎನ್ನುವಂತೆ ರಸದಲ್ಲಿ ಮುಳುಗಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಲ್ಲರೂ ಒಂದೊಂದು ಗುಟುಕು ಕುಡಿಯಲೇಬೇಕು. ಕಹಿಗೆ ಮುಖ ಹಿಂಡುವ ಮಕ್ಕಳ ಕೈಗೆ ಬೆಲ್ಲದ ತುಂಡು ಸಿಗುತ್ತದೆ. ಆಮೇಲೆ ದೇಹದ ಉಷ್ಣ ಇಳಿಸಲು ಮೆಂತೆ ಗಂಜಿ. ‘ಕೆತ್ತೆ ಕಷಾಯ’ ಎಂದು ಕರೆಸಿಕೊಳ್ಳುವ ಈ ಮದ್ದು ಇಂದಿಗೂ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಮನೆಯಲ್ಲಿ ಉಳಿದಿದೆ. ಆದರೆ ಹಿಂದಿನ ಸಂಜೆಯ ನೂಲು ಬಹಳ ಕಡೆ ಮಾಯವಾಗಿದೆ. ಅದು ಬರಿಯ ಶಾಸ್ತ್ರದ ನೂಲಾಗಿರಲಿಲ್ಲ ಎಂಬುದು ಹಾಲೆಯೆಂದು ತಿಳಿದು ಬೇರೆ ಮರದ ತೊಗಟೆ ತಂದವರ ಮನೆಗಳಲ್ಲಿ ತಡವಾಗಿ ಅರಿವಾಗುತ್ತದೆ.

ಹಸಿವಿನ ತಿಂಗಳ ಮದ್ದು

ತುಳು ಪಂಚಾಂಗದ ನಾಲ್ಕನೆಯ ತಿಂಗಳು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಲ್ಲಿ ಹಿಂದೆ ಗದ್ದೆಯ ನೇಜಿ ಮುಗಿದು ಕೈಗೆ ಕೆಲಸವಿರುತ್ತಿರಲಿಲ್ಲ, ಕಣಜದಲ್ಲಿ ಅಕ್ಕಿ ಇರುತ್ತಿರಲಿಲ್ಲ. ಕಡಲು ಕೆರಳಿ ದೋಣಿ ಇಳಿಯುತ್ತಿರಲಿಲ್ಲ. ಮಳೆ, ಹಸಿವು, ಜ್ವರ, ಹೊಟ್ಟೆಬೇನೆ ಒಟ್ಟಿಗೇ ಬರುತ್ತಿದ್ದವು. ಮನೆಮನೆಗೆ ಬಂದು ಕುಣಿದು ಮಾರಿಯನ್ನು ಕಳೆಯುವ ಆಟಿ ಕಳಂಜ ಬರುವುದೂ ಈ ತಿಂಗಳಲ್ಲೇ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಸಲ, ಸುಗ್ಗಿ, ಆಟಿ ಮತ್ತು ಜಾರ್ದೆ ತಿಂಗಳುಗಳಲ್ಲಿ, ಮಾರಿಪೂಜೆ ನಡೆಯುತ್ತದೆ. ಸಾಂಕ್ರಾಮಿಕ ರೋಗದ ಭಯವನ್ನು ದೇವಿಯ ಮುಂದಿಟ್ಟ ಪೂಜೆಗಳಿವು.

ರೋಗ ಬಂದರೆ ಹೋಗಲು ಆಸ್ಪತ್ರೆಯಿಲ್ಲದ ಕಾಲದಲ್ಲಿ ಮಾರಿಗೆ ಸಲ್ಲುವ ಹರಕೆ ಊರಿನದು, ಹಾಲೆಯ ಕಷಾಯ ಮನೆಯದು. ಅಂದು ಆ ಮರದಲ್ಲಿ ಸಕಲ ಔಷಧಗಳೂ ಬಂದು ಸೇರುತ್ತವೆ ಎಂಬ ನಂಬಿಕೆ ಇನ್ನೂ ಇದೆ. ಹಾಲು ಎಂದರೆ ತಾಯಿ, ಹಾಲು ಎಂದರೆ ಜೀವ. ಮರವೂ ಹಾಲು ಕೊಟ್ಟರೆ ಅದು ಕಾಯುವ ಮರವೆಂದು ಜನ ತಿಳಿದದ್ದು ಸಹಜವೇ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆದಂತೆಯೇ ತುಳುವಿನ ‘ಪಾಲೆ’ಗೆ ಕನ್ನಡದಲ್ಲಿ ‘ಹಾಲೆ’ ಜೋಡಿಯಾಗಿದೆ. ಮರದ ಗುರುತೇನು ಎಂದು ಕೇಳಿದರೆ ಹೆಸರೇ ಉತ್ತರ ಹೇಳುತ್ತದೆ.

ಒಸರುವ ಮರಗಳ ಊರು

ಕರಾವಳಿಯ ಬದುಕಿನಲ್ಲಿ ಹಾಲೆ ಒಂದೇ ಒಸರುವ ಮರವಲ್ಲ. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಬೇಕೆಂದು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮಾವಿನಕಾಯಿಯ ತೊಟ್ಟಿನ ಸೊನೆ ಕೆನ್ನೆಗೆ ತಾಗಿದರೆ ಸುಟ್ಟ ಕಲೆ ಏಳುತ್ತದೆ. ಅದೇ ಕುಟುಂಬದ ಕರಿಗೇರಿನ ರಸ ಕಪ್ಪಾಗಿ, ಎಷ್ಟು ತೊಳೆದರೂ ಹೋಗದಷ್ಟು ಗಟ್ಟಿ. ಬಟ್ಟೆ ಯಾರ ಮನೆಯದೆಂದು ಗುರುತು ಹಾಕಲು ಮಡಿವಾಳರು ಬಳಸುತ್ತಿದ್ದುದು ಇದನ್ನೇ. ಪೋರ್ಚುಗೀಸರ ಮೂಲಕ ಬಂದ ಗೇರುಬೀಜದ ಸಿಪ್ಪೆಯಲ್ಲೂ ಇಂಥದೇ ಎಣ್ಣೆ ಇದೆ. ಗೇರುಬೀಜ ಸುಲಿಯುವ ಹೆಂಗಸರ ಬೆರಳಿಗೆ ಅದರ ಉರಿ ಗೊತ್ತು.

ಹೊನ್ನೆ ಮರಕ್ಕೆ ಕತ್ತಿ ತಾಗಿದರೆ ಒಸರುವುದು ರಕ್ತದಂಥ ಕೆಂಪು ರಸ. ಒಣಗಿ ಗಟ್ಟಿಯಾದ ಇದು ಮಲಬಾರ್ ಕರಾವಳಿಯಿಂದ ಯುರೋಪಿನ ಔಷಧ ಅಂಗಡಿಗಳವರೆಗೂ ಹೋಗುತ್ತಿತ್ತು. ಘಟ್ಟದ ಕಾಡಿನ ಧೂಪದ ಮರದ ಅಂಟು, ಹಾಲುಮಡ್ಡಿಯ ಅಂಟು ಕೆಂಡಕ್ಕೆ ಬಿದ್ದು ಗುಡಿಯ ಗರ್ಭಗುಡಿಯಲ್ಲೂ ದೈವದ ಚಾವಡಿಯಲ್ಲೂ ಹೊಗೆಯಾಗುತ್ತವೆ. ತೆಂಗಿನ ಮತ್ತು ತಾಳೆಯ ಹೊಂಬಾಳೆಯಿಂದ ತೊಟ್ಟಿಕ್ಕುವ ಸಿಹಿರಸ ಬೆಲ್ಲವೂ ಆಗುತ್ತದೆ, ಶೇಂದಿಯೂ ಆಗುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ.

ಹೀಗೆ ಬಿಳಿ, ಕೆಂಪು, ಕಪ್ಪು, ಸಿಹಿ, ಉರಿ, ಪರಿಮಳ ಎಂದು ಒಸರಿನ ಗುಣ ತಿಳಿದವನಿಗೆ ಮಾತ್ರ ಕಾಡು ಬದುಕು ಕೊಡುತ್ತಿತ್ತು. ಹೊರಗಿನಿಂದ ನೋಡಿದರೆ ಮರಗಳೆಲ್ಲ ಒಂದೇ ಹಸಿರು. ಒಂದು ಗೀರು ಬಿದ್ದ ಮೇಲೆ ಒಂದೊಂದೂ ತನ್ನ ಜಾತಿ ಹೇಳುತ್ತದೆ.

ಗಿಡ ಏಕೆ ಒಸರುತ್ತದೆ?

ವಿಜ್ಞಾನ ಈ ಒಸರುಗಳನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಹೊಂಬಾಳೆಯ ಸಿಹಿರಸ ಎಲೆಗಳು ತಯಾರಿಸಿದ ಸಕ್ಕರೆಯನ್ನು ಗಿಡದ ಉಳಿದ ಭಾಗಗಳಿಗೆ ಸಾಗಿಸುವ ಆಹಾರ. ಮರದ ಮಟ್ಟಿಗೆ ಅದು ಕಳೆದುಕೊಳ್ಳಬೇಕಾದ ವಸ್ತುವಲ್ಲ. ಹಾಲಿನಂಥ ಸೊನೆಯ ಕಥೆ ಬೇರೆ. ಅದು ಆಹಾರ ಸಾಗಿಸುವ ನಾಳಗಳಲ್ಲಿ ಹರಿಯುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ಕೋಶಗಳ ಜಾಲವಿದೆ. ಹೂ ಬಿಡುವ ಗಿಡಗಳಲ್ಲಿ ಸುಮಾರು 20,000 ಜಾತಿಗಳು ಇಂಥ ಸೊನೆ ಒಸರುತ್ತವೆ ಎಂಬುದು ಸಸ್ಯಶಾಸ್ತ್ರಜ್ಞರ ಅಂದಾಜು.

ಹುಳುವೊಂದು ಎಲೆ ಕಚ್ಚಿದ ಕೂಡಲೇ ಒತ್ತಡದಲ್ಲಿದ್ದ ಸೊನೆ ಚಿಮ್ಮುತ್ತದೆ, ಗಾಳಿ ತಾಗಿ ಅಂಟಾಗಿ ಹುಳುವಿನ ಬಾಯನ್ನೇ ಮೆತ್ತಿಬಿಡುತ್ತದೆ. ಅಂಟಿನಿಂದ ತಪ್ಪಿಸಿಕೊಂಡರೂ ಅದರಲ್ಲಿ ಕರಗಿರುವ ಕಹಿ ಮತ್ತು ವಿಷ ಕಾದಿರುತ್ತವೆ. ಗಾಯ ಮುಚ್ಚಿ ಬೂಷ್ಟು ಒಳಗೆ ಇಳಿಯದಂತೆ ತಡೆಯುವುದೂ ಇದರ ಕೆಲಸ. ಮನುಷ್ಯ ಮದ್ದೆಂದು ಕುಡಿಯುವುದು ಮರ ತನ್ನ ರಕ್ಷಣೆಗೆಂದು ಇಟ್ಟುಕೊಂಡ ಅಸ್ತ್ರವನ್ನೇ. ಅಸ್ತ್ರ ಯಾರದು, ಎಷ್ಟು ಹರಿತ ಎಂದು ತಿಳಿಯದೆ ಬಾಯಿಗಿಟ್ಟರೆ ಅನಾಹುತ. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಮರದ ಗುರುತು ಮತ್ತು ಗುಟುಕಿನ ಅಳತೆ, ಇವೆರಡೇ.

ಬಲ್ಲ ಕೈಗಳು

ಈ ಗುರುತು ಮತ್ತು ಅಳತೆ ಯಾರ ಕೈಯಲ್ಲಿತ್ತು ಎಂಬುದು ಇತಿಹಾಸದ ಪ್ರಶ್ನೆ. ತುಳುನಾಡಿನಲ್ಲಿ ಮರದ ರಸ ಇಳಿಸುವ ಕಸುಬಿಗೆ ‘ಮೂರ್ತೆ’ ಎಂಬ ಹೆಸರಿದೆ. ಬಿಲ್ಲವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವಿದು. ಹೊಂಬಾಳೆ ಬಿರಿಯುವ ಮೊದಲೇ ಬಿಗಿದು ಕಟ್ಟಿ, ದಿನಗಟ್ಟಲೆ ಮೆಲ್ಲಗೆ ತಟ್ಟಿ, ತುದಿಯನ್ನು ಎಳೆಯಷ್ಟೇ ಕೆತ್ತುತ್ತ ಹೋದರೆ ಮರ ರಸ ಬಿಡುತ್ತದೆ. ಹೆಚ್ಚು ಕೆತ್ತಿದರೆ ಹೊಂಬಾಳೆ ಬತ್ತುತ್ತದೆ, ಕಡಮೆ ಕೆತ್ತಿದರೆ ರಸ ನಿಲ್ಲುತ್ತದೆ. ಗಡಿಗೆಗೆ ಸುಣ್ಣ ಸವರಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಸವರದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಮಳೆಯಲ್ಲಿ ಜಾರುವ ಮರವನ್ನು ದಿನಕ್ಕೆ ಎರಡು ಸಲ ಏರಿ ಇಳಿಯುವವನು ಒಂದೊಂದು ಮರದ ಸ್ವಭಾವವನ್ನೂ ಬೇರೆಯಾಗಿ ಬಲ್ಲವನಾಗಿರಬೇಕು.

ಇದೇ ಸಮುದಾಯಕ್ಕೆ ‘ಬೈದ್ಯ’ ಎಂಬ ಹೆಸರೂ ಇರುವುದು ಗಮನಾರ್ಹ. ಕೋಟಿ-ಚೆನ್ನಯರ ಪಾಡ್ದನದಲ್ಲಿ ಆ ವೀರರ ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು. ಕಾಲಿಗೆ ಮುಳ್ಳು ಚುಚ್ಚಿ ಯಾರಿಂದಲೂ ಗುಣವಾಗದ ಪಡುಮಲೆಯ ಬಲ್ಲಾಳನನ್ನು ಗುಣಪಡಿಸಿದವಳು ಅವಳೇ. ಅರಸನ ಜೀವ ಉಳಿಸಿದ ವಿದ್ಯೆ ಅರಮನೆಯ ಹೊರಗಿನ ಹೆಣ್ಣಿನ ಕೈಯಲ್ಲಿತ್ತು ಎಂದು ಪಾಡ್ದನ ಹಾಡಿಕೊಂಡು ಬಂದಿದೆ.

ಕಡಲ ತಡಿಯಲ್ಲೇ ದಕ್ಷಿಣಕ್ಕೆ ಹೋದರೆ ಇದಕ್ಕೆ ಬರಹದ ಸಾಕ್ಷಿ ಸಿಗುತ್ತದೆ. 17ನೇ ಶತಮಾನದಲ್ಲಿ ಡಚ್ಚರ ಮಲಬಾರಿನ ಅಧಿಕಾರಿ ವಾನ್ ರೀಡ್ ಅಲ್ಲಿನ ಗಿಡಮರಗಳ ಬಗ್ಗೆ ‘ಹಾರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ 12 ಸಂಪುಟಗಳು ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಮೊದಲ ಸಂಪುಟದಲ್ಲೇ ‘ಪಾಲ’ ಎಂಬ ಹೆಸರಿನಲ್ಲಿ ನಮ್ಮ ಹಾಲೆಯ ಚಿತ್ರವಿದೆ. ಈ ಗ್ರಂಥಕ್ಕೆ ಮದ್ದಿನ ತಿಳಿವಳಿಕೆ ಒದಗಿಸಿದವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್ ಎಂಬ ವೈದ್ಯ. ಮರದ ರಸ ಇಳಿಸುವ ಕಸುಬಿನ ಈಳವ ಸಮುದಾಯದವನು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ನೆರವಾಗಿದ್ದರು. ಅಚ್ಯುತನ್ 1675ರಲ್ಲಿ ಕೊಟ್ಟ ಹೇಳಿಕೆ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಮರ ಏರುವ ಜಾತಿ ಮತ್ತು ಮದ್ದು ಅರೆಯುವ ಜಾತಿ ಒಂದೇ ಆಗಿದ್ದುದು ತುಳುನಾಡಿನ ಮಾತು ಮಾತ್ರವಲ್ಲ ಎಂಬುದಕ್ಕೆ ಇದು ಆಧಾರ.

ಮುಂದೆ ಯುರೋಪಿನ ವಿದ್ವಾಂಸರು ಹಾಲೆಗೆ ಹೊಸ ಹೆಸರು ಕೊಟ್ಟರು. 1767ರಲ್ಲಿ ಲಿನೇಯಸ್ ಇದರ ಹೆಸರಿಗೆ ‘ಸ್ಕೊಲಾರಿಸ್’ ಎಂಬ ಪದ ಸೇರಿಸಿದ. ಶಾಲೆಗೆ ಸಂಬಂಧಿಸಿದ್ದು ಎಂದು ಅದರ ಅರ್ಥ. ಮೆತುವಾದ ಇದರ ಮರದಿಂದ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದುದೇ ಕಾರಣ. ಎಡಿನ್‌ಬರೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಆಲ್ಸ್ಟನ್ ನೆನಪಿನಲ್ಲಿ ಮುಂದೆ ‘ಆಲ್ಸ್ಟೋನಿಯ ಸ್ಕೊಲಾರಿಸ್’ ಎಂಬ ಹೆಸರು ನಿಂತಿತು. ಹೆಸರು ಬದಲಾಗುವಾಗ ಹಾಲಿನ ಗುರುತು ಹೆಸರಿನಿಂದ ಬಿದ್ದುಹೋಯಿತು.

ಬ್ರಿಟಿಷರ ಕಾಲದಲ್ಲಿ ಮೂರ್ತೆ ಅಬಕಾರಿಯ ವಿಷಯವಾಯಿತು. ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ 1886ರ ಅಬಕಾರಿ ಕಾಯಿದೆಯ ನಂತರ ರಸ ಇಳಿಸಲು ಪರವಾನಗಿ ಬೇಕಾಯಿತು, ಮರಕ್ಕೆ ತೆರಿಗೆ ಬಂತು. ಸರಕಾರದ ಲೆಕ್ಕದಲ್ಲಿ ಮೂರ್ತೆದಾರ ಶೇಂದಿ ಇಳಿಸುವವನಾಗಿ ಉಳಿದ, ಮದ್ದು ಬಲ್ಲವನೆಂಬ ಗುರುತು ದಾಖಲೆಯಲ್ಲಿ ಕಾಣಲಿಲ್ಲ. ಸಮಾಜದ ಕಣ್ಣಿನಲ್ಲೂ ಅದೇ ಆಯಿತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯವನ್ನು ವಿಷವೆಂದು ಕರೆದು, ತಮ್ಮ ಜನ ಅದರಿಂದ ದೂರವಿರಬೇಕೆಂದು ಕೇಳಿಕೊಂಡದ್ದರ ಹಿಂದೆ ಆತ್ಮಗೌರವದ ಪ್ರಶ್ನೆಯೂ ಇತ್ತು. ರಾಜ್ಯದ ಉಳಿದೆಡೆ 2004ರಲ್ಲಿ ಶೇಂದಿಗೆ ನಿಷೇಧ ಬಂದ ಮೇಲೂ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮೂರ್ತೆಗೆ ಅವಕಾಶ ಉಳಿಯಿತು. ಆದರೆ ಮರ ಏರುವ ಮಕ್ಕಳು ಕಡಮೆಯಾದರು. ಮುಂಬಯಿ, ಕೊಲ್ಲಿ ದೇಶಗಳು ಕರೆದವು, ಓದು ಬೇರೆ ದಾರಿ ತೋರಿಸಿತು. ಅದು ಆಗಬೇಕಾದದ್ದೇ. ಕಷ್ಟದ ಕಸುಬಿನ ಜೊತೆ ಮರದ ಗುರುತೂ ಹೋದದ್ದು ಮಾತ್ರ ಯಾರ ಲೆಕ್ಕಕ್ಕೂ ಬರದ ನಷ್ಟ.

ಯುರೋಪು ಮಾಡಿದ ಅದೇ ತಪ್ಪು

ಗುರುತು ತಪ್ಪಿದರೆ ಏನಾಗುತ್ತದೆ? ಹಾಲೆ ಬೆಳೆಯುವ ಗುಡ್ಡೆಯಲ್ಲೇ ಕಾಸರಕ ಬೆಳೆಯುತ್ತದೆ. ಬೂದು ಬಣ್ಣದ ಕಾಂಡ, ಕಹಿಯಾದ ತೊಗಟೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್, ತೊಗಟೆಯಲ್ಲಿ ಮುಖ್ಯವಾಗಿ ಬ್ರೂಸಿನ್ ಎಂಬ ವಿಷಗಳಿವೆ. ದೇಹ ಸೇರಿದ ಸ್ವಲ್ಪ ಹೊತ್ತಿನಲ್ಲೇ ಸ್ನಾಯುಗಳು ಬಿಗಿಯುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಪ್ರಜ್ಞೆ ಇರುವಂತೆಯೇ ಉಸಿರು ಕಟ್ಟುತ್ತದೆ. ಹಾಲೆಯೆಂದು ಕಾಸರಕದ ತೊಗಟೆ ತಂದು ಆಟಿ ಅಮಾವಾಸ್ಯೆಯಂದು ಕುಡಿದು ಆಸ್ಪತ್ರೆ ಸೇರಿದವರೂ ಜೀವ ಕಳೆದುಕೊಂಡವರೂ ಕರಾವಳಿಯಲ್ಲಿದ್ದಾರೆ.

ಇದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಬಿಡುವವರು ಯುರೋಪಿನ ಒಂದು ಪ್ರಕರಣವನ್ನು ತಿಳಿಯಬೇಕು. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ವೈದ್ಯರು ಜ್ವರಕ್ಕೆ ದಕ್ಷಿಣ ಅಮೆರಿಕದ ‘ಅಂಗಸ್ತೂರ’ ಎಂಬ ತೊಗಟೆ ಕೊಡುತ್ತಿದ್ದರು. ಕಹಿಯಾದ ಒಳ್ಳೆಯ ಮದ್ದದು. ಕೆಲವು ರೋಗಿಗಳು ಅದನ್ನು ಕುಡಿದ ಮೇಲೆ ಸೆಟೆದುಕೊಂಡು ಒದ್ದಾಡತೊಡಗಿದರು. ಪರೀಕ್ಷಿಸಿದಾಗ ಬೇರೊಂದು ಮರದ ತೊಗಟೆ ಅದರಲ್ಲಿ ಬೆರೆತಿರುವುದು ಗೊತ್ತಾಯಿತು. ಅದಕ್ಕೆ ‘ಸುಳ್ಳು ಅಂಗಸ್ತೂರ’ ಎಂದು ಹೆಸರಿಟ್ಟರು. ಆದರೆ ಅದು ಯಾವ ಮರದ್ದು?

ಪ್ಯಾರಿಸಿನ ಪೆಲ್ಟಿಯೇ ಮತ್ತು ಕವೆಂತು ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 1819ರಲ್ಲಿ ಈ ತೊಗಟೆಯಿಂದ ಒಂದು ವಿಷ ಬೇರ್ಪಡಿಸಿದರು. ಹಿಂದಿನ ವರ್ಷವಷ್ಟೇ ಸ್ಟ್ರಿಕ್ನಿನ್ ಬೇರ್ಪಡಿಸಿದ್ದವರು, ಮರುವರ್ಷ ಕ್ವಿನೈನ್ ಬೇರ್ಪಡಿಸಲಿದ್ದವರು ಇವರೇ. ತೊಗಟೆ ಆಫ್ರಿಕದ ‘ಬ್ರೂಸಿಯ’ ಗಿಡದ್ದೆಂದು ನಂಬಿದ್ದ ಅವರು ವಿಷಕ್ಕೆ ಬ್ರೂಸಿನ್ ಎಂದು ಹೆಸರಿಟ್ಟರು. ಅದು ನಮ್ಮ ಕಾಸರಕದ ತೊಗಟೆ ಎಂಬುದು 1830ರ ದಶಕದಲ್ಲಿ ಕಲ್ಕತ್ತದ ವೈದ್ಯ ಓಶೋನೆಸಿ ಹೇಳಿದ ಮೇಲೆ ಖಚಿತವಾಯಿತು. ತಪ್ಪು ಗುರುತಿನ ಕುರುಹಾಗಿ ಆ ಹೆಸರು ಇಂದಿಗೂ ಉಳಿದಿದೆ. ಒಣಗಿದ ತೊಗಟೆಯ ತುಂಡು ಮಾತ್ರ ಕೈಗೆ ಬಂದರೆ ಯುರೋಪಿನ ಪಂಡಿತರೂ ಮೋಸಹೋಗುತ್ತಾರೆ. ಹಸಿ ಮರದ ಮುಂದೆ ನಿಂತು ಗೀರಿದವನಿಗೆ ಮಾತ್ರ ಕಾಸರಕದಲ್ಲಿ ಹಾಲಿಲ್ಲವೆಂದು ತಿಳಿಯುತ್ತದೆ. ಹಾಲೆ ಮಾತನಾಡುತ್ತದೆ, ಕಾಸರಕ ಸುಮ್ಮನಿರುತ್ತದೆ.

ಹಾಲೊಂದೇ ಸಾಲದು

ಹಾಗೆಂದು ಹಾಲು ಕಂಡ ಕೂಡಲೇ ನಂಬುವಂತಿಲ್ಲ. ಎಕ್ಕ, ಕಳ್ಳಿಗಳೂ ಹಾಲು ಒಸರುತ್ತವೆ. ಹಿನ್ನೀರಿನ ಬದಿಯಲ್ಲಿ ಬೆಳೆಯುವ, ಕೇರಳದಲ್ಲಿ ಒದಳಂ ಎಂದು ಕುಖ್ಯಾತವಾದ ಮರ ಹಾಲೆಯ ಕುಟುಂಬದ್ದೇ. ಅದರ ಹಾಲೂ ಬಿಳಿ, ಅದರ ಬೀಜ ಹೃದಯವನ್ನೇ ನಿಲ್ಲಿಸುತ್ತದೆ. ಹಾಲಿಲ್ಲದಿದ್ದರೆ ಹಾಲೆಯಲ್ಲ ಎನ್ನಬಹುದು, ಹಾಲಿದ್ದರೆ ಹಾಲೆಯೇ ಎನ್ನುವಂತಿಲ್ಲ. ಅದಕ್ಕೇ ಎಲೆ ನೋಡಬೇಕು. ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಛತ್ರಿಯ ಕಡ್ಡಿಗಳಂತೆ ಹರಡಿರುತ್ತವೆ. ಹೆಸರು ಸಪ್ತಪರ್ಣಿಯಾದರೂ ಏಳೇ ಇರಬೇಕೆಂದಿಲ್ಲ, ನಾಲ್ಕೈದೂ ಇರಬಹುದು. ಕಾಯಿ ಹಗ್ಗದಂತೆ ಉದ್ದ, ಜೋಡಿಯಾಗಿ ನೇತಾಡುತ್ತದೆ. ಕಾಸರಕದ ಎಲೆಗಳು ಎದುರುಬದುರು ಎರಡೆರಡೇ. ಎಲೆಯ ಬುಡದಿಂದಲೇ ಮೂರು ಅಥವಾ ಐದು ನರಗಳು ಎದ್ದು ಕಾಣುತ್ತವೆ. ಹಣ್ಣು ಕಿತ್ತಳೆ ಬಣ್ಣದ ಉಂಡೆ.

ಇವೆಲ್ಲ ಕತ್ತಲಲ್ಲಿ ಕಾಣುವ ಗುರುತುಗಳಲ್ಲ. ಅಮಾವಾಸ್ಯೆಯ ನಸುಕು, ಆಟಿಯ ಮೋಡ, ಕೈಯಲ್ಲೊಂದು ಕಲ್ಲು. ಬಿಳಿಯ ಹಾಲು ಕೂಡ ಮಳೆನೀರಿನಲ್ಲಿ ಕರಗಿ ಹೋದೀತು. ಹಿಂದಿನ ಸಂಜೆಯ ನೂಲಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಹಗಲಿನ ಬೆಳಕಿನಲ್ಲಿ ಎಲೆ ನೋಡಿ, ಗೀರಿ, ಖಚಿತ ಮಾಡಿಕೊಂಡ ಮರಕ್ಕೇ ಮರುದಿನದ ಕಲ್ಲು ಬೀಳಬೇಕು. ನಸುಕಿನಲ್ಲಿ ಹೋಗುವ ಶಾಸ್ತ್ರವನ್ನು ಉಳಿಸಿಕೊಂಡು ಸಂಜೆಯ ನೂಲನ್ನು ಬಿಟ್ಟವರು ಆಚರಣೆಯ ಅರ್ಧವನ್ನು, ಅದರಲ್ಲೂ ಜೀವ ಕಾಯುವ ಅರ್ಧವನ್ನು ಬಿಟ್ಟಂತೆ.

ಕಷಾಯದ ಗುಣದ ವಿಷಯದಲ್ಲೂ ಅಳತೆ ತಪ್ಪಬಾರದು. ಹಾಲೆಯ ತೊಗಟೆಯಲ್ಲಿ ಎಕಿಟಮಿನ್ ಮೊದಲಾದ ಕಹಿ ಕ್ಷಾರಗಳಿವೆ. ಆಯುರ್ವೇದದಲ್ಲಿ ಸಪ್ತಪರ್ಣಿಗೆ ಜ್ವರದ ಮದ್ದಾಗಿ ಸ್ಥಾನವಿದೆ. 19ನೇ ಶತಮಾನದಲ್ಲಿ ಮಲೇರಿಯಕ್ಕೆ ಕ್ವಿನೈನಿನ ಬದಲು ಇದನ್ನು ಬಳಸಬಹುದೇ ಎಂದು ಪರೀಕ್ಷಿಸಲಾಯಿತು. ಕ್ವಿನೈನಿನ ಶಕ್ತಿ ಇದಕ್ಕಿಲ್ಲವೆಂದು ಕಂಡುಬಂತು. ಒಂದೇ ದಿನ ಸಕಲ ಔಷಧವೂ ಮರಕ್ಕೆ ಬರುತ್ತದೆ ಎಂಬುದು ನಂಬಿಕೆ, ಅದನ್ನು ನಂಬಿಕೆಯಾಗಿಯೇ ಗೌರವಿಸಬೇಕು. ಮದ್ದೆಂದು ಲೋಟಗಟ್ಟಲೆ ಕುಡಿಯುವುದು ಹಿರಿಯರ ಕ್ರಮವೂ ಅಲ್ಲ. ಅವರ ಅಳತೆ ಒಂದು ಗುಟುಕು, ವರ್ಷಕ್ಕೆ ಒಂದು ದಿನ.

ಈಗ ಅಮಾವಾಸ್ಯೆಯಂದು ಸಂಘ-ಸಂಸ್ಥೆಗಳು, ಆಯುರ್ವೇದ ವೈದ್ಯರು ಕಷಾಯ ತಯಾರಿಸಿ ಹಂಚುವ ಪದ್ಧತಿ ಬೆಳೆದಿದೆ. ಊರೂರಲ್ಲಿ ‘ಆಟಿಡೊಂಜಿ ದಿನ’ದ ಕಾರ್ಯಕ್ರಮಗಳಲ್ಲಿ ಪತ್ರೊಡೆ, ತಜಂಕ್‌ಗಳ ಜೊತೆ ಕೆತ್ತೆ ಕಷಾಯವೂ ಇರುತ್ತದೆ. ಗುರುತು ತಿಳಿಯದವರಿಗೆ ಇದು ಸುರಕ್ಷಿತ ದಾರಿ. ತೊಗಟೆಯನ್ನು ಪೇಟೆಯಲ್ಲಿ ಕೊಳ್ಳುವವರಿಗೆ ಮಾತ್ರ ಆ ಭರವಸೆಯಿಲ್ಲ. ಕಟ್ಟಿನೊಳಗಿನ ಒಣ ತೊಗಟೆ ಹಾಲೂ ಒಸರದು, ಎಲೆಯೂ ತೋರಿಸದು. ಕುಡಿದ ಮೇಲೆ ಮೈ ಸೆಳೆತ, ದವಡೆ ಬಿಗಿತ ಕಂಡರೆ ಮೆಂತೆ ಗಂಜಿ ಕುಡಿಸುತ್ತ ಕೂರದೆ, ಉಳಿದ ತೊಗಟೆಯೊಂದಿಗೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಮರದ ಪಾಡೂ ಇದೆ. ತೊಗಟೆಯನ್ನು ಕಾಂಡದ ಸುತ್ತ ಪೂರ್ತಿ ಸುಲಿದರೆ ಆಹಾರ ಸಾಗುವ ದಾರಿ ಕಡಿದು ಮರ ಸಾಯುತ್ತದೆ. ಕಲ್ಲಿನಿಂದ ಜಜ್ಜಿದರೆ ಬರುವುದು ಅಂಗೈಯಗಲದ ತುಂಡು, ಕತ್ತಿ ಹಾಕಿದರೆ ಮೊಳಗಟ್ಟಲೆ. ಕಬ್ಬಿಣ ಮುಟ್ಟಿಸಬಾರದೆಂಬ ಕಟ್ಟಳೆಯಿಂದ ಹಾಲೆಗೆ ಉಪಕಾರವೇ ಆಗಿದೆ.

ಮುಂದಿನ ಆಟಿಗೆ ಗುಡ್ಡೆ ಹತ್ತುವ ಅಜ್ಜನ ಜೊತೆ ಮೊಮ್ಮಗನೋ ಮೊಮ್ಮಗಳೋ ಸಂಜೆಯೇ ಹೋಗಬಹುದು. ಎಲೆ ಎಣಿಸಲು, ಉಗುರಿನಷ್ಟು ಗೀರಿ ಹಾಲು ನೋಡಲು, ಪಕ್ಕದ ಕಾಸರಕವನ್ನೂ ತೋರಿಸಿ ಅದು ಏನೂ ಒಸರದೆ ನಿಂತಿರುವುದನ್ನು ತಿಳಿಸಲು ಅರ್ಧ ಗಂಟೆ ಸಾಕು. ನೂಲು ಕಟ್ಟುವ ಕೆಲಸ ಮಕ್ಕಳಿಗೇ ಬಿಡಬಹುದು.